ಕಡಲಂಚಿನ ಹಿತ್ತಲಿಗೆ ನಡುಗಡ್ಡೆಯ ಹುಲ್ಲು

ಕಾರವಾರದ ದಡದಲ್ಲಿ ಮನೆ ಕಟ್ಟಿದವರು ಅಂಗಳಕ್ಕೆ ಮೊದಲು ತರುವುದು ನರ್ಸರಿಯ ಅಗಲ ಎಲೆಯ ಲಾನ್ ಹುಲ್ಲು. ಮಳೆಗಾಲದಲ್ಲಿ ಅದು ಚೆಂದ. ಫೆಬ್ರವರಿ ದಾಟಿತೆಂದರೆ ಉಪ್ಪುಗಾಳಿಗೆ ತುದಿ ಸುಟ್ಟು, ದಿನಾ ನೀರು ಬೇಡುತ್ತದೆ. ಎದುರಿಗೇ ಕಾಣುವ ಕೂರ್ಮಗಡ, ದೇವಗಡ ನಡುಗಡ್ಡೆಗಳಲ್ಲಿ ಯಾರೂ ಕೊಡ ಹೊರದಿದ್ದರೂ ಬಂಡೆಯ ಸಂದಿನ ಹುಲ್ಲು ವರ್ಷವರ್ಷ ಚಿಗುರುತ್ತದೆ. ಇಂಥ ತೆಳು ಮಣ್ಣಿನ ಹುಲ್ಲುಗಳಲ್ಲಿ ಹಲವು ಬೇಸಿಗೆಯನ್ನು ಗಿಡವಾಗಿ ಕಳೆಯುವುದೇ ಇಲ್ಲ, ಬೀಜವಾಗಿ ಮಲಗಿ ಕಳೆಯುತ್ತವೆ. ಆದ್ದರಿಂದ ನಿಮಗೆ ಬೇಕಾದದ್ದು ಬೀಜ, ಬೇರುಸಹಿತ ಕಿತ್ತ ಬುಡವಲ್ಲ.

ಬೀಜಕ್ಕೂ ನಡುಗಡ್ಡೆಗೆ ಹೋಗಬೇಡಿ. ಅಲ್ಲಿನ ಹುಲ್ಲುನೆಲ ಚಿಕ್ಕದು. ಒಮ್ಮೆ ಬರಿದಾದರೆ ಪಕ್ಕದ ಗುಡ್ಡದಿಂದ ತಾನಾಗಿ ತುಂಬಿಕೊಳ್ಳಲು ನಡುವೆ ಸಮುದ್ರವಿದೆ. ಕೂರ್ಮಗಡದ ನರಸಿಂಹನ ಜಾತ್ರೆಗೆ ಪುಷ್ಯ ಹುಣ್ಣಿಮೆಯಂದು ದೋಣಿಯಲ್ಲಿ ಹೋಗುವವರಿಗೆ ಹೇಗೂ ಬೀಜ ಸಿಗದು, ಅಷ್ಟರಲ್ಲಿ ಎಲ್ಲ ಉದುರಿರುತ್ತದೆ. ಹೋಗುವ ಮುಂಚೆ ಚಪ್ಪಲಿ, ಪ್ಯಾಂಟಿನ ಅಂಚು ಕೊಡವಿಕೊಂಡರೆ ಸಾಕು. ಯುಪಟೋರಿಯಂನಂಥ ಕಳೆಯ ಬೀಜ ಬಟ್ಟೆಗಂಟಿಕೊಂಡೇ ಊರು ಸುತ್ತುತ್ತದೆ.

ಅಂಥದ್ದೇ ಬದುಕಿನ ಹುಲ್ಲು ದಡದ ಚಿರೆಕಲ್ಲು ಗುಡ್ಡದಲ್ಲೂ, ಮನೆಯ ಬೇಣದಲ್ಲೂ, ಅಂದರೆ ಹುಲ್ಲಿಗೆಂದು ಬಿಟ್ಟ ಜಾಗದಲ್ಲೂ, ಇದೆ. ಬೇಣವಿದ್ದರೆ ಕರಡ (ಒಣಹುಲ್ಲು) ಕೊಯ್ಯುವ ಮೊದಲೇ ಒಂದು ಸುತ್ತು ಹಾಕಿ. ಗುರುತಿಗೆ ಹುಲ್ಲಿನ ಎರಡು ಕುಲ ಸಾಕು: ಡೈಮೇರಿಯಾ ಮತ್ತು ಇಸ್ಕೀಮಮ್. ಪಶ್ಚಿಮ ಘಟ್ಟದ ಸುತ್ತಮುತ್ತ ಬಿಟ್ಟು ಬೇರೆಲ್ಲೂ ಬೆಳೆಯದ ಜಾತಿಗಳು ಎರಡರಲ್ಲೂ ಇವೆ. ಡೈಮೇರಿಯಾದ ತೆನೆ ಸಣ್ಣ ಬಾಚಣಿಗೆಯ ಹಾಗೆ, ಒಂದೇ ಕಡ್ಡಿ ಅಥವಾ ಎರಡು ಮೂರು ಬೆರಳು. ಇಸ್ಕೀಮಮ್‌ನಲ್ಲಿ ಹಲವದರ ತೆನೆ ಒಂದೇ ಎಂದು ಕಾಣುತ್ತದೆ, ಉಗುರಿನಿಂದ ಬಿಡಿಸಿದರೆ ಬೆನ್ನಿಗೆ ಬೆನ್ನು ಅಂಟಿಸಿದಂತೆ ಎರಡಾಗುತ್ತದೆ.

ಕೊಯ್ಲಿಗೆ ಚಿತ್ತಾ, ಸ್ವಾತಿ ಮಳೆಯ ಹೊತ್ತು, ಅಂದರೆ ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮೊದಲ ವಾರದವರೆಗೆ. ತೆನೆಯನ್ನು ಬೆರಳ ನಡುವೆ ಸವರಿ. ಎಳೆಯದೆ ಕೈಗೆ ಬಂದರೆ ಬಲಿತಿದೆ. ಎಳೆಯಬೇಕಾದರೆ ಇನ್ನೂ ನಾಲ್ಕು ದಿನ ಬಿಡಿ. ಹತ್ತು ತೆನೆಗೆ ಒಂದಕ್ಕಿಂತ ಹೆಚ್ಚು ಮುಟ್ಟಬೇಡಿ, ಉಳಿದದ್ದು ನೆಲಕ್ಕೂ ರಾಟವಾಳ ಹಕ್ಕಿಗೂ ಬೇಕು. ಮೊರದಲ್ಲಿ ಹರಡಿ ನೆರಳಲ್ಲಿ ಐದು ದಿನ ಒಣಗಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ ತೂಗುಹಾಕಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ. ಕೊಯ್ದ ಕೂಡಲೇ ಬಿತ್ತಿ "ಹುಟ್ಟಲೇ ಇಲ್ಲ" ಎಂದು ಬೇಸರಿಸುವವರಿದ್ದಾರೆ. ಇಂಥ ಬೀಜಕ್ಕೆ ಒಂದು ಬೇಸಿಗೆಯ ನಿದ್ದೆ ಬೇಕು. ಮೇ ಮಧ್ಯದಲ್ಲಿ 20 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ಹತ್ತು ದಿನ ನೋಡಿ. ಐದಕ್ಕಿಂತ ಕಡಿಮೆಯಾದರೆ ಬಿತ್ತುವಾಗ ಬೀಜ ಇಮ್ಮಡಿ ಮಾಡಿ.

ಮಡಿಗೆ ಪೂರ್ತಿ ಬಿಸಿಲು ಬೀಳುವ, ನೀರು ನಿಲ್ಲದ ಇಳಿಜಾರು ಆರಿಸಿ. ಒಂದು ಪಾಲು ಮಣ್ಣಿಗೆ ಎರಡು ಪಾಲು ಚಿರೆಕಲ್ಲಿನ ಪುಡಿ ಬೆರೆಸಿ ನಾಲ್ಕು ಬೆರಳು ದಪ್ಪ ಹರಡಿದರೆ ಸಾಕು. ಸೆಗಣಿ ಗೊಬ್ಬರ ಹಾಕಲೇಬೇಡಿ. ಗೊಬ್ಬರ ಸಿಕ್ಕಿದರೆ ಕಳೆ ಮೊದಲು ಎದ್ದು ಈ ಬಡಕಲು ಹುಲ್ಲನ್ನು ಮುಚ್ಚುತ್ತದೆ. ತೋಟಕ್ಕೆ ಒಳ್ಳೆಯದೆಲ್ಲ ಇದಕ್ಕೆ ಕೆಟ್ಟದ್ದು ಎಂದುಕೊಂಡರೆ ಹೆಚ್ಚು ತಪ್ಪಾಗದು. ಒಂದು ಚದರ ಮೀಟರಿಗೆ ಹೊಟ್ಟುಸಹಿತ ಒಂದು ಮುಷ್ಟಿ ಬೀಜ, ನಾಲ್ಕು ಮುಷ್ಟಿ ಮರಳಿನೊಂದಿಗೆ ಕಲಸಿ, ಮೃಗಶಿರ ಮಳೆ ಶುರುವಾದೊಡನೆ ಎರಚಿ ಅಂಗೈಯಿಂದ ಒತ್ತಿ. ಮೇಲೆ ಮಣ್ಣು ಮುಚ್ಚುವುದು ಬೇಡ.

ಮೊದಲ ಜಡಿಮಳೆಗೆ ಬೀಜವೆಲ್ಲ ಕೊಚ್ಚಿಹೋಗುವುದೇ ದೊಡ್ಡ ಕಷ್ಟ. ತೆಂಗಿನ ಗರಿ ಒಂದೇ ಪದರ ಹಾಸಿ, ಮೊಳಕೆ ಕಂಡ ದಿನವೇ ತೆಗೆಯಿರಿ. ತಡವಾದರೆ ಸಸಿ ಬಿಳಿಚಿಕೊಂಡು ಮಲಗುತ್ತದೆ. ಇರುವೆ ಬೀಜ ಹೊರುತ್ತಿದ್ದರೆ ಸ್ವಲ್ಪ ಹೆಚ್ಚು ಬಿತ್ತುವುದೇ ಸುಲಭ. ಜುಲೈ, ಆಗಸ್ಟಿನಲ್ಲಿ ಅಗಲ ಎಲೆಯ ಕಳೆ ಕೈಯಿಂದ ಕೀಳಬೇಕು. ಬೀಜ ಉದುರಿದ ಮೇಲೆ ಡಿಸೆಂಬರಿನಲ್ಲಿ ನಾಲ್ಕು ಬೆರಳು ಎತ್ತರಕ್ಕೆ ಕೊಯ್ದು, ಹುಲ್ಲನ್ನು ಹೊರಗೆ ಹಾಕಿ. ಅಲ್ಲೇ ದರಕಿನಂತೆ (ಉದುರಿದ ಒಣ ಎಲೆಯಂತೆ) ಬಿಟ್ಟರೆ ಮುಂದಿನ ಮೊಳಕೆಗೆ ಬೆಳಕು ತಾಗದು. ಡಿಸೆಂಬರಿನಿಂದ ಮೇ ತನಕ ಮಡಿ ಬೋಳಾಗಿ ಕಾಣುತ್ತದೆ. ನೀರು ಹಾಕಬೇಡಿ.

ವರ್ಷವಿಡೀ ಹಸಿರೇ ಬೇಕೆನ್ನುವವರಿಗೆ, ಅಂಗಳ ಮರಳಾಗಿದ್ದರೆ, ಮನಿಲಾ ಹುಲ್ಲು ಸರಿ. ಉಪ್ಪು ತಡೆಯುತ್ತದೆ, ನಿಧಾನ ಹಬ್ಬುತ್ತದೆ. 15 ಸೆಂಟಿಮೀಟರಿಗೊಂದರಂತೆ ಚದರ ಮೀಟರಿಗೆ 44 ತುಂಡು ನೆಟ್ಟರೂ ನೆಲ ಮುಚ್ಚಲು ವರ್ಷ ಹಿಡಿಯಬಹುದು. ಗಾಳಿಮರದ ಕೆಳಗೆ ನೆಡುವುದಾದರೆ ಉದುರಿದ ಸೂಜಿಯನ್ನು ವಾರಕ್ಕೊಮ್ಮೆ ಗುಡಿಸಿ.

ಅಲೆಯತ್ತ ಮುಖ ಮಾಡಿದ ಸಡಿಲ ಮರಳಿಗೆ ರಾವಣನ ಮೀಸೆ ಎಂಬ ಹುಲ್ಲು. ಮುಳ್ಳುಚೆಂಡಿನಂಥ ಅದರ ಹೆಣ್ಣು ತೆನೆ ಗಾಳಿಗೆ ಉರುಳುತ್ತ ಹೋಗುವುದನ್ನು ದಡದಲ್ಲಿ ನೋಡಿರುತ್ತೀರಿ. ಮೂರು ನಾಲ್ಕು ಗೆಣ್ಣಿರುವ ಹಬ್ಬಿನ ತುಂಡನ್ನು ಜೂನಿನಲ್ಲಿ ಒಂದು ಗೇಣು ಆಳಕ್ಕೆ, ತುದಿ ಮಾತ್ರ ಹೊರಗುಳಿಯುವಂತೆ ಹೂಳಬೇಕು. ಜಿಗುಟು ಮಣ್ಣಿನಲ್ಲಿ ಕೊಳೆಯುತ್ತದೆ. ಎಲೆಯ ತುದಿ ಸೂಜಿಯಂತೆ ಚುಚ್ಚುವುದರಿಂದ ಮಕ್ಕಳು ಓಡಾಡುವ ದಾರಿಯಿಂದ ಎರಡು ಮೀಟರಾದರೂ ದೂರ ನೆಡಿ.