ಎಣ್ಣೆ ಬಿಡೋಕೆ ಮಂಡ್ಯದಿಂದ ಮೈಸೂರಿಗೆ ಟ್ರೈನು: ನನ್ನ ಅನುಭವ

ನಂದು ಮಂಡ್ಯದಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಸುಟ್ಟೋದ್ರೆ ರೈತ್ರು ತಂದು ಹಾಕ್ತಾರೆ, ಹಳೇ ಕಾಯಿಲ್ ಕಿತ್ತು ಹೊಸ ತಾಮ್ರದ ವೈರ್ ಸುತ್ತಿ ಸ್ಲಾಟಿಗೆ ಕೂರಿಸ್ಬೇಕು, ಕೈ ನಡುಗಿದ್ರೆ ಆಗೋ ಕೆಲ್ಸ ಅಲ್ಲ. ನನ್ನ ಕೈ ನಿಲ್ಬೇಕು ಅಂದ್ರೆ ಬೆಳಿಗ್ಗೆ ಎದ್ದ ತಕ್ಷಣ ಒಂದು ನೈಂಟಿ ಬೇಕಿತ್ತು. ಅದನ್ನ ಕುಡಿತದ ಲೆಕ್ಕಕ್ಕೇ ಸೇರಿಸ್ತಿರ್ಲಿಲ್ಲ, ನನ್ನ ಪ್ರಕಾರ ಕುಡಿತ ಅಂದ್ರೆ ಸಂಜೆ ಏಳಕ್ಕೆ ಷಟರ್ ಎಳೆದ ಮೇಲಿಂದು.

ಮೊದ್ಲು ಮಾಡಿದ ತಪ್ಪು ಹೇಳ್ಬಿಡ್ತೀನಿ. ಮಗಳು ಏನೋ ಅಂದ್ಲು ಅಂತ ಹಠಕ್ಕೆ ಬಿದ್ದು ಒಂದೇ ಸಲಕ್ಕೆ ನಿಲ್ಲಿಸ್ಬಿಟ್ಟೆ. ಎರಡನೇ ದಿನ ಫಿಟ್ಸ್ ಬಂದು ಬಚ್ಚಲಲ್ಲಿ ಬಿದ್ದೆ. ವರ್ಷಗಟ್ಲೆ ದಿನಾ ಕುಡಿದೋರು ಡಾಕ್ಟ್ರನ್ನ ಕೇಳ್ದೆ ಏಕ್‌ದಂ ನಿಲ್ಲಿಸಿದ್ರೆ ಫಿಟ್ಸ್ ಬರುತ್ತೆ, ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತೆ, ಪ್ರಾಣಾನೂ ಹೋಗ್ಬಹುದು ಅಂತ ಆಸ್ಪತ್ರೇಲಿ ಸರಿಯಾಗಿ ಬೈಸ್ಕೊಂಡೆ. ಮಾತ್ರೆ, ವಿಟಮಿನ್ ಬಿ1 ಇಂಜೆಕ್ಷನ್, ಆರು ದಿನ ಅಡ್ಮಿಟ್. ಮನೆಗೆ ಕಳಿಸೋವಾಗ ಕೌನ್ಸೆಲರ್ ಮೇಡಂ ಒಂದು ಚೀಟಿ ಕೊಟ್ರು, ಅದರಲ್ಲಿ ಎಎ ಅಂದ್ರೆ ಆಲ್ಕೊಹಾಲಿಕ್ಸ್ ಅನಾನಿಮಸ್‌ನೋರ (ಕುಡಿತ ಬಿಡೋಕೆ ಕುಡುಕ್ರೇ ಸೇರ್ಕೊಂಡು ಒಬ್ರಿಗೊಬ್ರು ನೆರವಾಗೋ ಕೂಟ) ಒಂದು ನಂಬರ್, ಜೊತೆಗೆ ರಾತ್ರಿ ಹೊತ್ತು ತಲೆ ಕೆಟ್ರೆ ಮಾಡಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡ್ತಾರೆ.

ಭಾವ ಧರ್ಮಸ್ಥಳದೋರ ಮದ್ಯವರ್ಜನ ಶಿಬಿರಕ್ಕೆ ಹೋಗು ಅಂದ್ರು. ಅದು ಎಂಟು ದಿನ, ಅಲ್ಲೇ ಇರ್ಬೇಕು, ಆಮೇಲೆ ಬಿಟ್ಟೋರದ್ದೇ ನವಜೀವನ ಸಮಿತಿ ಅಂತ ಇರುತ್ತೆ. ನಮ್ಮ ಪಕ್ಕದ ಊರ ಇಬ್ರು ಅದರಿಂದಲೇ ಬಿಟ್ಟವ್ರೆ. ನನಗೆ ಆಗಲೇ ಆಸ್ಪತ್ರೆ ಅಂತ ಅಂಗಡಿ ಬಾಗ್ಲು ಹಾಕಿತ್ತು, ಇನ್ನೆಂಟು ದಿನ ಹಾಕೋ ಸ್ಥಿತಿ ಇರ್ಲಿಲ್ಲ. ಜೊತೆಗೆ ಮಂಡ್ಯದಲ್ಲಿ ಯಾರಾದ್ರೂ ನೋಡ್ಬಿಟ್ರೆ ಅನ್ನೋ ಭಯ ಬೇರೆ (ಬಾರ್ ಮುಂದೆ ದಿನಾ ನೋಡೋವಾಗ ಇಲ್ಲದಿದ್ದ ಭಯ!), ಅದಕ್ಕೆ ಮೈಸೂರಿನ ಎಎ ಮೀಟಿಂಗಿಗೇ ಹೋಗೋಣ ಅಂದ್ಕೊಂಡೆ.

ಚೀಟೀಲಿದ್ದ ನಂಬರ್‌ಗೆ ಎರಡು ಸಲ ರಿಂಗ್ ಮಾಡಿ ಕಟ್ ಮಾಡಿದೆ, ಮೂರನೇ ಸಲ ಆ ಕಡೆಯೋರೇ ವಾಪಸ್ ಮಾಡಿದ್ರು. ಆಫೀಸ್ ಹುಡುಗಿ ಯಾರೋ ಇರ್ತಾಳೆ ಅಂದ್ಕೊಂಡಿದ್ದೆ, ನೋಡಿದ್ರೆ ಕುಡಿತ ಬಿಟ್ಟಿರೋ ಒಬ್ಬ ಯಜಮಾನ್ರು. "ಇವತ್ತು ತಗಂಡಿದೀಯಾ ತಮ್ಮ?" ಅಂದ್ರು. ಇಲ್ಲ ಅಂದೆ. "ಹಂಗಾದ್ರೆ ಸಂಜೆ ಬಾ, ತಗಂಡಿದ್ರೂ ಬಾ, ಗಲಾಟೆ ಮಾಡ್ಬೇಡ ಅಷ್ಟೆ."

ಆದ್ರೆ ನಾನು ಜಾಣ ಅಲ್ವಾ, ಅವ್ರು ಹೇಳಿದ ಜಾಗ ಬಿಟ್ಟು ಇನ್ನೆಲ್ಲೋ ಸಿಕ್ಕಿದ ಮೀಟಿಂಗ್‌ಗಳ ಹಳೇ ಲಿಸ್ಟ್ ನೋಡ್ಕೊಂಡು ಹೋದೆ, ಬೀಗ. ಮುಂದಿನ ವಾರ ಇನ್ನೊಂದಕ್ಕೆ ಹೋದೆ, ಅಲ್ಲಿ ಪೂರ್ತಿ ಇಂಗ್ಲಿಷು, ಒಂದೂವರೆ ಗಂಟೆ ಫ್ಯಾನ್ ನೋಡ್ಕೊಂಡು ಕೂತಿದ್ದು ಬಂದೆ. ಅದಕ್ಕೇ ಹೇಳೋದು, ಹೋಗೋಕೆ ಮುಂಚೆ ಫೋನ್ ಮಾಡಿ ಮೂರೇ ಮೂರು ಕೇಳಿ: ಈಗಲೂ ಅಲ್ಲೇ ನಡೀತಿದೆಯಾ, ಕನ್ನಡದಲ್ಲಾ, ಓಪನ್ನಾ ಕ್ಲೋಸ್ಡಾ. ಓಪನ್ ಅಂದ್ರೆ ಹೆಂಡ್ತಿ, ತಮ್ಮ ಯಾರನ್ನಾದ್ರೂ ಕರ್ಕೊಂಡು ಹೋಗ್ಬಹುದು, ಕ್ಲೋಸ್ಡ್ ಅಂದ್ರೆ ನಮ್ಮಂಥೋರು ಮಾತ್ರ. ಮನೆಯೋರಿಗೆ ಅಲ್-ಅನಾನ್ ಅಂತ ಬೇರೇನೇ ಇದೆ.

ಕನ್ನಡದ ಮೀಟಿಂಗು ಚರ್ಚ್ ಕಾಂಪೌಂಡಿನ ಒಂದು ರೂಮಲ್ಲಿ. ಮತಾಂತರ ಗಿತಾಂತರ ಮಾಡ್ತಾರೇನೋ ಅಂತ ಎದುರಿನ ಟೀ ಅಂಗಡೀಲಿ ಅರ್ಧ ಗಂಟೆ ನಿಂತಿದ್ದೆ. ಆಮೇಲೆ ಗೊತ್ತಾಯ್ತು, ರೂಮು ಬಾಡಿಗೆಗೆ ತಗೊಂಡಿದ್ದು ಅಷ್ಟೆ, ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ದೇವರ ಮಾತು ಬರುತ್ತೆ, ಬರಲ್ಲ ಅಂದ್ರೆ ಸುಳ್ಳಾಗುತ್ತೆ, ಆದ್ರೆ ಯಾವ ದೇವ್ರು ಅನ್ನೋದು ನಮಗೇ ಬಿಟ್ಟಿದ್ದು. ರಿಜಿಸ್ಟರ್ ಇಲ್ಲ, ಸೈನ್ ಇಲ್ಲ, ಆಧಾರ್ ಇಲ್ಲ, ಫೀಸ್ ಇಲ್ಲ. ಕೊನೇಲಿ ಒಂದು ಸ್ಟೀಲ್ ಡಬ್ಬ ಬಂತು, ಹತ್ತು ರೂಪಾಯಿ ತೆಗೆದೆ, ಪಕ್ಕದಲ್ಲಿದ್ದೋರು ಕೈ ಹಿಡಿದು "ಹೊಸಬ್ರು ಹಾಕಂಗಿಲ್ಲ" ಅಂದ್ರು. ಒಬ್ರು ಮಾತಾಡ್ತಿದ್ರೆ ಇನ್ನೊಬ್ರು ಮಧ್ಯೆ ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ. ನಮ್ಮ ಕಡೆ ಜನ ಅಷ್ಟು ಹೊತ್ತು ಸುಮ್ನೆ ಕೇಳಿಸ್ಕೊಳ್ಳೋದನ್ನ ನಾನು ನೋಡಿದ್ದು ಅಲ್ಲೇ.

ಅವತ್ತು ಫೋನಿನ ಯಜಮಾನ್ರು ಎಎ ಹುಟ್ಟಿದ ಕಥೆ ಹೇಳಿದ್ರು. 1935, ಅಮೆರಿಕದ ಆಕ್ರಾನ್, ಷೇರು ವ್ಯವಹಾರದ ಬಿಲ್ ಅನ್ನೋರು, ಬಾಬ್ ಅನ್ನೋ ಸರ್ಜನ್ನು, ಇಬ್ರೂ ಕುಡುಕ್ರು. ಜೂನ್ 10ನೇ ತಾರೀಕು ಬಾಬ್ ಆಪರೇಷನ್ ಮಾಡ್ಬೇಕು, ಕೈ ನಡುಗ್ತಾ ಇದೆ, ಕೈ ನಿಲ್ಲಲಿ ಅಂತ ಬಿಲ್ಲೇ ಒಂದು ಬಿಯರ್ ಕೊಟ್ರಂತೆ, ಅದೇ ಬಾಬ್ ಕುಡಿದ ಕೊನೇ ಬಿಯರು. ಆ ದಿನಾನೇ ಎಎ ಹುಟ್ಟಿದ ದಿನ ಅಂತಾರಂತೆ. ನಾನು ಟೀ ಲೋಟ ಎರಡು ಕೈಲಿ ಹಿಡ್ಕೊಂಡಿದ್ದೆ, ಆದ್ರೂ ಪ್ಯಾಂಟ್ ಮೇಲೆ ಚೆಲ್ತಿತ್ತು. ಡಾಕ್ಟ್ರಿಗೂ ಬೆಳಿಗ್ಗೆ ನೈಂಟಿ ಬೇಕಾಗಿತ್ತಾ ಅನ್ನಿಸ್ತು. ಅಲ್ಲಿಂದ ವಾರಕ್ಕೆ ಮೂರು ದಿನ ಶುರು. ತೊಂಬತ್ತು ದಿನಕ್ಕೆ ತೊಂಬತ್ತು ಮೀಟಿಂಗ್ ಮಾಡಿ ಅಂತಾರೆ, ದುಡಿದು ತಿನ್ನೋನಿಗೆ ಅದಾಗಲ್ಲ, ಮಿಕ್ಕ ದಿನ ಮೊಬೈಲಲ್ಲಿ ಆನ್‌ಲೈನ್ ಮೀಟಿಂಗು. ನನಗೆ ಕೆಲ್ಸ ಮಾಡಿದ್ದು ಕುಡಿತ ಬಿಡೋಕೆ ಎಎಯೋರು ಹೇಳ್ಕೊಡೋ ಹನ್ನೆರಡು ಸ್ಟೆಪ್ಪೋ ಟೈಮಿಂಗೋ ಅಂದ್ರೆ ಮೊದ್ಲ ತಿಂಗಳು ಟೈಮಿಂಗೇ: ಷಟರ್ ಬೇಗ ಎಳೆದು ಟ್ರೈನ್ ಹತ್ತಿದ್ರೆ ನನ್ನ ಕುಡಿಯೋ ಹೊತ್ತು ಪಾಂಡವಪುರ, ಶ್ರೀರಂಗಪಟ್ಟಣ ದಾಟೋದ್ರಲ್ಲೇ ಕಳೆದೋಗೋದು.

ನಾಲ್ಕು ತಿಂಗಳಾದ ಮೇಲೆ ಯುಗಾದಿ ಮಾರನೇ ದಿನದ ಹೊಸತೊಡಕು ಬಂತು. ನಮ್ಮ ಕಡೆ ಹೊಸತೊಡಕು ಅಂದ್ರೆ ಗೊತ್ತಲ್ಲ, ಗುಡ್ಡೆ ಬಾಡು, ಇಸ್ಪೀಟು, ಮಾವನ ಮನೆ ಜನ ಎಲ್ಲಾ. ಒಂದೇ ಒಂದು ಅಂತ ಕೂತೋನು ಮೂರು ದಿನ ಏಳ್ಲಿಲ್ಲ. ನಾಕನೇ ದಿನ ಯಜಮಾನ್ರಿಗೆ ಫೋನ್ ಮಾಡಿದೆ, ಬೈತಾರೆ ಅಂದ್ಕೊಂಡು. "ಎಷ್ಟು ಗಂಟೆ ಟ್ರೈನಿಗೆ ಬತ್ತೀಯ?" ಅಂದ್ರು. ಮೀಟಿಂಗಲ್ಲಿ ಎದ್ದು ನಿಂತು ಮತ್ತೆ ಒಂದನೇ ದಿನ ಅಂದೆ, ಯಾರೂ ಏನೂ ಕೇಳ್ಲಿಲ್ಲ.

ಈ ಸಲದ ಹೊಸತೊಡಕಿಗೆ ಬೆಳಿಗ್ಗೆನೇ ಹೋಗಿ ಬಾಡು ತಂದ್ಕೊಟ್ಟು, ಮಧ್ಯಾಹ್ನ ಮುದ್ದೆ ಬಾಡು ಹೊಡೆದು, ಇಸ್ಪೀಟಿಗೆ ಜಮಖಾನ ಹಾಸೋಕೆ ಮುಂಚೆ ಸ್ಟೇಷನ್‌ಗೆ ಹೋಗಿ ಕೂತ್ಕೊಳ್ಳೋದು ಅಂತ ಹೆಂಡ್ತಿಗೆ ಹೇಳಿದೀನಿ. "ಯಜಮಾನ್ರಿಗೂ ಒಂದು ಬಾಕ್ಸ್ ಕಟ್ಕೊಡ್ತೀನಿ ಕಣ್ರೀ, ಮರೀದೆ ತಗಂಡೋಗಿ" ಅಂದವ್ಳೆ.