ಹೊಕ್ಕುಳಿನ ಒಂದೇ ಗಾಯದಲ್ಲಿ ಗರ್ಭಕೋಶ ಶಸ್ತ್ರಚಿಕಿತ್ಸೆ: ಸಿದ್ಧತೆ ಮತ್ತು ಆರೈಕೆ

ಅತಿಯಾದ ರಕ್ತಸ್ರಾವಕ್ಕೆ ಗರ್ಭಕೋಶ ತೆಗೆಸಲು ಒಪ್ಪುವ ಮೊದಲು, ಮಾತ್ರೆಯಿಂದಲೋ ಗರ್ಭಕೋಶದೊಳಗಿಡುವ ಹಾರ್ಮೋನ್ ಸಾಧನದಿಂದಲೋ ಅದು ಹತೋಟಿಗೆ ಬರಬಹುದೇ, ಅಂಡಾಶಯಗಳನ್ನು ಉಳಿಸುತ್ತಾರೆಯೇ ಎಂದು ಕೇಳಿ; ಇವೆರಡಕ್ಕೂ ಸ್ಪಷ್ಟ ಉತ್ತರ ಸಿಗದೆ ಸಹಿ ಹಾಕಬೇಡಿ.

ಈ ವಿಧಾನದಲ್ಲಿ ಹೊಕ್ಕುಳಿನಲ್ಲಿ ಸುಮಾರು 2 ಸೆಂ.ಮೀ. ಸೀಳಿ, ಕಾರ್ಬನ್ ಡೈಆಕ್ಸೈಡ್ ಅನಿಲದಿಂದ ಹೊಟ್ಟೆಯನ್ನು ಉಬ್ಬಿಸಿ, ಕ್ಯಾಮೆರಾ ಮತ್ತು ಉಪಕರಣಗಳನ್ನು ಅದೊಂದೇ ದಾರಿಯಲ್ಲಿ ಇಳಿಸಿ, ಬಿಡಿಸಿದ ಗರ್ಭಕೋಶವನ್ನು ಸಾಮಾನ್ಯವಾಗಿ ಯೋನಿಮಾರ್ಗದಿಂದ ಹೊರತೆಗೆಯುತ್ತಾರೆ. ಗರ್ಭಕೋಶದಲ್ಲಿನ ಗಡ್ಡೆ ಬಹಳ ದೊಡ್ಡದಿದ್ದರೆ ಅಥವಾ ಹಿಂದಿನ ಸಿಸೇರಿಯನ್‌ಗಳಿಂದ ಅಂಗಗಳು ಅಂಟಿಕೊಂಡಿದ್ದರೆ ಹೆಚ್ಚುವರಿ ರಂಧ್ರಗಳು ಬೇಕಾಗಬಹುದು. ಅದನ್ನು ವೈದ್ಯರ ಸೋಲೆಂದು ಎಣಿಸಬಾರದು.

ಹಿಂದಿನ ದಿನದ ಸ್ನಾನದಲ್ಲಿ ಹೊಕ್ಕುಳಿನ ಮಡಿಕೆಯೊಳಗಿನ ಕೊಳೆಯನ್ನು ಸೋಪುನೀರಿನಲ್ಲಿ ಅದ್ದಿದ ಹತ್ತಿಯಿಂದ ಮೃದುವಾಗಿ ತೆಗೆಯಿರಿ.

ಚಿಕಿತ್ಸೆಯ ನಂತರ ಉಳಿದ ಅನಿಲದಿಂದ ಒಂದೆರಡು ದಿನ ಭುಜ ನೋಯಬಹುದು. ನಿಧಾನವಾಗಿ ಓಡಾಡಿದರೆ ಕಡಿಮೆಯಾಗುತ್ತದೆ. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಒತ್ತಿಕೊಳ್ಳಿ. ಗಾಯ ಚಿಕ್ಕದೆಂಬ ಧೈರ್ಯದಲ್ಲಿ ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆಯ ನಮ್ಮ ಹೆಣ್ಣುಮಕ್ಕಳು ಎರಡೇ ವಾರಕ್ಕೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರುವುದು ನನಗೆ ನಿಜಕ್ಕೂ ಆತಂಕದ ವಿಷಯ, ಏಕೆಂದರೆ ಒಳಗಿನ ಹೊಲಿಗೆ ಮಾಗಲು ಸುಮಾರು 6 ವಾರ ಬೇಕು, ಹೊಕ್ಕುಳಿನಲ್ಲಿ ಹರ್ನಿಯಾ (ಗಾಯದ ಜಾಗ ಸಡಿಲವಾಗಿ ಒಳಗಿನ ಭಾಗ ಹೊರಚಾಚುವುದು) ಆಗುವ ಅಪಾಯವೂ ಇದೆ. ಅಲ್ಲಿಯವರೆಗೆ ಹೊರೆ, ಬಿಂದಿಗೆ, ಲೈಂಗಿಕ ಸಂಪರ್ಕ ಬೇಡ. ಜ್ವರ, ದುರ್ವಾಸನೆಯ ಸ್ರಾವ, ಹೆಚ್ಚು ರಕ್ತಸ್ರಾವ ಅಥವಾ ಒಂದು ಕಾಲಿನಲ್ಲಿ ಊತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.