ಕಾಫಿ ಬಿಡಬೇಕೋ ಬೇಡವೋ? ಮೊದಲು ಪುಡಿ ಪೊಟ್ಟಣದ ಮೇಲೆ ತಾರೀಖು ಬರೆಯಿರಿ

2019ರ ಡಿಸೆಂಬರ್ 26, ಕಂಕಣ ಸೂರ್ಯಗ್ರಹಣ. ಮೈಸೂರಿನಲ್ಲಿ ಬೆಳಗ್ಗೆ ಎಂಟರ ಸುಮಾರಿಗೆ ಹಿಡಿದದ್ದು ಹನ್ನೊಂದು ದಾಟಿದ ಮೇಲೆ ಬಿಟ್ಟಿತು. ನಮ್ಮದು ಅತ್ತೆ ಇರುವ ಮನೆ. ಗ್ರಹಣ ಬಿಟ್ಟು, ಎಲ್ಲರ ಸ್ನಾನ ಆದಮೇಲೇ ಒಲೆ ಹಚ್ಚುವುದು. ಹಾಲಿಗೆ, ಮೊಸರಿಗೆ, ಉಪ್ಪಿನಕಾಯಿ ಭರಣಿಗೆ, ಕಾಫಿಪುಡಿ ಡಬ್ಬಕ್ಕೂ ದರ್ಭೆ. ಹತ್ತು ಗಂಟೆಗೆ ನನಗೆ ತಲೆನೋವು ಹತ್ತಿಕೊಂಡಿತು. "ನಿಂದು ಮೂಲಾ ನಕ್ಷತ್ರ ಅಲ್ವೇನೇ, ದೋಷ ಇದ್ದೇ ಇದೆ" ಅಂದರು ಅತ್ತೆ. ಹನ್ನೆರಡಕ್ಕೆ ಒಂದು ಲೋಟ ಕಾಫಿ ಕುಡಿದೆ, ಅರ್ಧ ಗಂಟೆಯಲ್ಲಿ ದೋಷ ಪರಿಹಾರವಾಯಿತು. ರೋಹಿಣಿ ನಕ್ಷತ್ರದ ನಮ್ಮನೆಯವರಿಗೂ ಅದೇ ತಲೆನೋವು, ಅದೇ ಪರಿಹಾರ.

ಹಿಂದಿನ ದಿನ ಸಂಜೆ ಐದಕ್ಕೆ ಕುಡಿದದ್ದೇ ಕೊನೆ. ಕಾಫಿಯಲ್ಲಿ ಚುರುಕು ತರುವ ಕೆಫೀನ್ ನಿಂತ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ ಅಂತ ಆಮೇಲೆ ಓದಿದೆ. ನಿರ್ಜಲ ಏಕಾದಶಿ ಮಾಡುವವರಿಗೆ, ಆಪರೇಷನ್‌ಗೆ ಅಂತ ಖಾಲಿ ಹೊಟ್ಟೆಯಲ್ಲಿ ಕೂತವರಿಗೆ ಬರುವ ತಲೆನೋವಿನಲ್ಲೂ ಎಷ್ಟೋ ಸಲ ಇದರದೇ ಕೈವಾಡ.

ಅದಾಗಿ ಎಷ್ಟೋ ಸಲ "ನಾಳೆಯಿಂದ ಬಂದ್" ಅಂದಿದ್ದೇವೆ, ಮರುದಿನ ಸಂಜೆಗೇ ಫಿಲ್ಟರ್ ತೊಳೆದಿದ್ದೇವೆ. ಕೊನೆಗೆ ನಾನು ಕಂಡುಕೊಂಡದ್ದು: ತಲೆನೋವಿನ ದಿನವೂ ತೀರ್ಮಾನ ಮಾಡಬಾರದು, ಬಿಟ್ಟ ಹೊಸ ಉತ್ಸಾಹದಲ್ಲೂ ಮಾಡಬಾರದು. ಒಮ್ಮೆ ಸರಿಯಾಗಿ ಬಿಟ್ಟು, ಒಮ್ಮೆ ಬೇಕೆಂದೇ ವಾಪಸ್ ಕುಡಿದು, ಆಮೇಲೆ ಕೂತು ಯೋಚಿಸಬೇಕು. ನಾವು ಮಾಡಿದ ಕ್ರಮ ಹೇಳುತ್ತೇನೆ.

ಮೊದಲು, ಯಾಕೆ ಬಿಡಬೇಕು ಅಂತ ಒಂದೇ ಸಾಲು ಬರೆದಿಡಿ. "ಆರೋಗ್ಯಕ್ಕೆ" ಅಂತ ಬರೆದರೆ ಪ್ರಯೋಜನವಿಲ್ಲ. ನಮ್ಮನೆಯವರು ಬರೆದದ್ದು "ಎದೆ ಡವಡವ". ಡಾಕ್ಟರು ಇಸಿಜಿ ಎಲ್ಲ ನೋಡಿ ಏನೂ ಇಲ್ಲ, ಕಾಫಿ ಕಮ್ಮಿ ಮಾಡಿ ನೋಡಿ ಅಂದಿದ್ದರು. ನಾನು ಬರೆದದ್ದು ಎರಡು: "ರಾತ್ರಿ ಎರಡಕ್ಕೆ ಎಚ್ಚರ", "ಥೈರಾಯ್ಡ್ ಮಾತ್ರೆ". ಎರಡನೆಯದಕ್ಕೆ ಕಾಫಿ ಬಿಡುವ ಅಗತ್ಯವೇ ಇರಲಿಲ್ಲ. ಆರಕ್ಕೆ ಮಾತ್ರೆ ನುಂಗಿ ಆರೂ ಹತ್ತಕ್ಕೆ ಕಾಫಿ ಕುಡಿಯುತ್ತಿದ್ದೆ. ಮಾತ್ರೆ ಮೈಗೆ ಹತ್ತುವುದಕ್ಕೆ ಕಾಫಿ ಅಡ್ಡ ಬರುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಲು ಶುರುಮಾಡಿದೆ, ಅಲ್ಲಿಗೆ ಮುಗಿಯಿತು. ರಕ್ತ ಕಮ್ಮಿ ಇರುವವರೂ ಅಷ್ಟೇ: ಊಟದ ಜೊತೆ ಕಾಫಿ, ಟೀ ಕುಡಿದರೆ ಆಹಾರದ ಕಬ್ಬಿಣ ಸರಿಯಾಗಿ ಸಿಗುವುದಿಲ್ಲ, ನಡುವೆ ಅಂತರ ಕೊಟ್ಟರಾಯಿತು. ಅಸಿಡಿಟಿ ಅಂತ ಬರೆದವರಿಗೆ ಒಂದು ಮಾತು. ಕೆಫೀನ್ ತೆಗೆದ ಡಿಕ್ಯಾಫ್ ಕಾಫಿಯೂ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸುತ್ತದೆ, ಹಾಗಾಗಿ ಬರೀ ಡಿಕ್ಯಾಫ್‌ಗೆ ಬದಲಾಯಿಸಿ ಕೂತರೆ ಸಾಲದು.

ಎರಡನೆಯದು ಲೆಕ್ಕ. "ದಿನಾ ಎರಡೇ ಕಾಫಿ" ಅಂತ ಎಲ್ಲರೂ ಹೇಳುತ್ತಾರೆ. ಲೋಟ ಎಣಿಸಬೇಡಿ, ಪುಡಿ ಎಣಿಸಿ. ಪೊಟ್ಟಣ ಒಡೆದ ದಿನ ಅದರ ಮೇಲೇ ಪೆನ್ನಿನಲ್ಲಿ ತಾರೀಖು ಹಾಕಿ, ಮುಗಿದ ದಿನ ಇನ್ನೊಂದು ತಾರೀಖು. ನಮ್ಮಲ್ಲಿ ಕಾಲು ಕೆ.ಜಿ. ಪುಡಿ ಇಬ್ಬರಿಗೆ ಐದೇ ದಿನಕ್ಕೆ ಮುಗಿದಿತ್ತು. (ಅತ್ತೆಗೆ ಮೊದಲಿಂದಲೂ ಬಿಸಿ ಹಾಲೇ.) ಎಂಬತ್ತು–ಇಪ್ಪತ್ತು ಮಿಶ್ರಣ, ಅಂದರೆ ಕಾಫಿ 200 ಗ್ರಾಂ, ಚಿಕೋರಿ 50. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಅರೇಬಿಕಾ ಜಾತಿಯ ಕಾಫಿಯಲ್ಲಿ ನೂರಕ್ಕೆ ಹೆಚ್ಚುಕಡಿಮೆ 1.2 ಪಾಲು ಕೆಫೀನ್. ಆ ಲೆಕ್ಕದಲ್ಲಿ ಪೊಟ್ಟಣಕ್ಕೆ 2,400 ಮಿಲಿಗ್ರಾಂ, ತಲೆಗೆ ದಿನಕ್ಕೆ 240. ಡಿಕಾಕ್ಷನ್ನಿಗೆ ಎಲ್ಲವೂ ಇಳಿಯುವುದಿಲ್ಲ, ಸ್ವಲ್ಪ ಗಸಿಯಲ್ಲೇ ಉಳಿಯುತ್ತದೆ. ಆದರೆ ಅಂಗಡಿಯವರನ್ನು ಕೇಳಿದರೆ ನಮ್ಮ ಮಿಶ್ರಣದ ಕಾಫಿಯಲ್ಲಿ ಅರ್ಧ ರೋಬಸ್ಟಾ ಜಾತಿಯದು! ರೋಬಸ್ಟಾದಲ್ಲಿ ಕೆಫೀನ್ ಹತ್ತಿರ ಹತ್ತಿರ ಎರಡರಷ್ಟು. ಅಲ್ಲಿಗೆ ತಲೆಗೆ 340ರ ಆಸುಪಾಸು. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಅಂತ ಅಮೆರಿಕದ ಆಹಾರ, ಔಷಧಿ ಇಲಾಖೆ ಎಫ್‌ಡಿಎ ಹೇಳುತ್ತದೆ. ಬಸುರಿಯರಿಗೆ ಸಾಮಾನ್ಯವಾಗಿ ಹೇಳುವ ಮಿತಿ 200. ಮಧ್ಯಾಹ್ನ ಆಫೀಸಿನ ಟೀ ಬೇರೆ ಇತ್ತಲ್ಲ, ಅದನ್ನು ಸೇರಿಸಿದಾಗ ನಮ್ಮನೆಯವರು ಪೆನ್ನು ಕೆಳಗಿಟ್ಟರು.

ಮೂರನೆಯದು ಇಳಿಸುವುದು. ಒಮ್ಮೆಗೇ ನಿಲ್ಲಿಸಿದರೆ ಏನಾಗುತ್ತದೆ ಅಂತ ಗ್ರಹಣದ ದಿನವೇ ನೋಡಿದ್ದೆವಲ್ಲ. ಹೊತ್ತು ಏರಿದಂತೆ ಮಿದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗಿ, ತನ್ನ ಜಾಗದಲ್ಲಿ ಕೂತು, ನಿದ್ದೆ ತರಿಸುತ್ತದೆ. ಕೆಫೀನ್ ಮೊದಲೇ ಹೋಗಿ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಆ ಜಾಗ ಹಿಡಿದುಬಿಡುತ್ತದೆ. ದಿನಾ ಹೀಗಾದರೆ ಮಿದುಳು ಸೀಟುಗಳನ್ನೇ ಹೆಚ್ಚಿಸುತ್ತದೆ. ಒಂದು ದಿನ ಕಾಫಿ ಇಲ್ಲ ಅಂದರೆ ಅಷ್ಟೂ ಸೀಟು ಅಡಿನೋಸಿನ್ ಪಾಲು. ರಕ್ತನಾಳ ಹಿಗ್ಗುತ್ತದೆ, ತಲೆ ಸಿಡಿಯುತ್ತದೆ.

ಹಾಗಾಗಿ ನಾನು ಡಬ್ಬದಲ್ಲೇ ಇಳಿಸಿದೆ. ಒಂದು ವಾರ ಅರವತ್ತು–ನಲವತ್ತು. ಮುಂದಿನ ವಾರ ಐವತ್ತೊಂದು–ನಲವತ್ತೊಂಬತ್ತು. ನಮ್ಮ ಆಹಾರ ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಅದಕ್ಕಿಂತ ಕಮ್ಮಿ ಇರುವಂತಿಲ್ಲ, ಅಂಗಡಿಯವರು ಅಲ್ಲಿಗೆ ಕೈಯೆತ್ತಿದರು. ಮೂರನೇ ವಾರ ಬಿಡಿ ಚಿಕೋರಿ ತಂದು ಮನೆಯಲ್ಲೇ ಬೆರೆಸಿದೆ. ನಮ್ಮನೆಯವರಿಗೆ ಹೇಳಿರಲಿಲ್ಲ. ಚಿಕೋರಿ ಜಾಸ್ತಿಯಾದರೆ ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಇಳಿಯುತ್ತದೆ. ನಾಲ್ಕನೇ ದಿನ ಒಂದು ಗುಟುಕು ಕುಡಿದು, "ಇವತ್ತು ಡಿಕಾಕ್ಷನ್ ಭರ್ಜರಿ ಗಟ್ಟಿ ಬಿದ್ದಿದೆ ಕಣೇ" ಅಂದರು. ನಾನು ಒಗ್ಗರಣೆ ಕಡೆ ತಿರುಗಿಕೊಂಡೆ.

ನಾಲ್ಕು, ಹನ್ನೆರಡು ದಿನ ಪೂರ್ತಿ ಇಲ್ಲದೆ ಇರುವುದು. ಲಕ್ಷಣಗಳು ಎರಡರಿಂದ ಒಂಬತ್ತು ದಿನ ಎಳೆಯಬಹುದು, ಅದಕ್ಕೇ ಹನ್ನೆರಡು. ಮನೆಯಲ್ಲಿ ಮದುವೆ, ಮಕ್ಕಳ ಪರೀಕ್ಷೆ ಇರುವಾಗ ಬೇಡ. ಟೀ, ಕೋಲಾ, ಚಾಕೊಲೇಟ್ ಎಲ್ಲದರಲ್ಲೂ ಕೆಫೀನ್ ಇದೆ. ಸಾರಿಡಾನ್‌ನಂಥ ಕೆಲವು ತಲೆನೋವಿನ ಮಾತ್ರೆಯಲ್ಲೂ ಇದೆ. ಅದನ್ನು ನುಂಗಿ "ಕಾಫಿ ಬಿಟ್ಟರೂ ತಲೆನೋವಿಲ್ಲ" ಅಂದರೆ ಲೆಕ್ಕ ತಪ್ಪುತ್ತದೆ. ಬಾಯಿಗೆ ಏನಾದರೂ ಬಿಸಿ ಬೇಕು ಅನ್ನಿಸಿದಾಗ ಧನಿಯಾ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು ಪುಡಿ ಮಾಡಿದ ಕಷಾಯ, ಬೆಲ್ಲ, ಹಾಲು. ಕಾಫಿ ಲೋಟದಲ್ಲೇ ಕುಡಿಯಿರಿ. ಕೈಗೆ ಅರ್ಧ ಸಮಾಧಾನ. ದಿನಾ ಕ್ಯಾಲೆಂಡರಿನ ಚೌಕದಲ್ಲಿ ಒಂದೇ ಅಂಕಿ ಬರೆಯಿರಿ, ಮೊದಲು ಬರೆದ ಆ ಸಾಲಿಗೆ ಹತ್ತಕ್ಕೆ ಎಷ್ಟು ಅಂತ.

ಐದು, ವಾಪಸ್ ಕುಡಿಯುವುದು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ನನಗೆ ನಿಜ ತಿಳಿದದ್ದು ಇಲ್ಲೇ. ಹದಿಮೂರನೇ ದಿನ ಸಂಜೆ ನಾಲ್ಕೂವರೆಗೆ ಹಳೆಯ ಎಂಬತ್ತು–ಇಪ್ಪತ್ತರಲ್ಲಿ ಒಂದು ಲೋಟ. ರಾತ್ರಿ ಒಂದೂವರೆಗೂ ಫ್ಯಾನ್ ನೋಡುತ್ತಾ ಮಲಗಿದ್ದೆ. ಒಳಗೆ ಹೋದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಜನರಿಂದ ಜನರಿಗೆ ವ್ಯತ್ಯಾಸ ಇದ್ದೇ ಇದೆ. ಒಂಬತ್ತೂವರೆಗೆ ಅರ್ಧ, ಎರಡೂವರೆಗೂ ಕಾಲು ಭಾಗ ಒಳಗೇ. ಎರಡು ದಿನ ಬಿಟ್ಟು ಬೆಳಗ್ಗೆ ಏಳಕ್ಕೆ ಅದೇ ಒಂದು ಲೋಟ ಕುಡಿದೆ, ರಾತ್ರಿ ಹೊಡೆದು ಹಾಕಿದಂಥ ನಿದ್ದೆ. ಅಂದರೆ ನನ್ನ ಜಗಳ ಕಾಫಿಯ ಜೊತೆ ಅಲ್ಲ, ಸಂಜೆಯ ಜೊತೆ. ನಮ್ಮನೆಯವರಿಗೆ ಬೆಳಗ್ಗಿನ ಲೋಟವೂ ಮುಗಿದು ಮುಕ್ಕಾಲು ಗಂಟೆಗೆ ಡವಡವ. ಅವರ ಕ್ಯಾಲೆಂಡರಿನಲ್ಲಿ ಹನ್ನೆರಡು ದಿನವೂ ಸೊನ್ನೆ, ಒಂದು. ಆ ದಿನ ಏಳು.

ಹೀಗೆ ಒಂದೇ ಡಬ್ಬದಿಂದ ಇಬ್ಬರಿಗೆ ಎರಡು ಉತ್ತರ. ಅವರು ಪೂರ್ತಿ ಬಿಟ್ಟರು. ನಾನು ಬೆಳಗ್ಗೆ ಒಂದು ಲೋಟ, ಮಧ್ಯಾಹ್ನದ ಮೇಲೆ ಇಲ್ಲ. ಒಬ್ಬರ ಅಳತೆಯ ಚಿಕ್ಕ ಹಿತ್ತಾಳೆ ಫಿಲ್ಟರ್ ತಂದು ದೊಡ್ಡದನ್ನು ಅಟ್ಟಕ್ಕೆ ಹಾಕಿದ್ದೇನೆ. ನಾಲ್ಕು ಲೋಟ ಇಳಿಯುವ ಫಿಲ್ಟರ್ ಎದುರಿಗಿದ್ದರೆ ನಾಲ್ಕು ಲೋಟವೇ ಇಳಿಸುತ್ತೇವೆ.

ಪೂರ್ತಿ ಬಿಡುವವರು ಒಂದಕ್ಕೆ ತಯಾರಾಗಿರಿ. ನಮ್ಮ ಕಡೆ ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವಷ್ಟರಲ್ಲಿ "ಕಾಫಿ ಇಡ್ಲಾ?" "ಈಗ ತಾನೇ ಆಯ್ತು" ಅಂದರೆ ಯಾರೂ ನಂಬುವುದಿಲ್ಲ, "ಅರ್ಧ ಲೋಟ" ಅಂತ ಒಳಗೆ ಹೋಗೇಬಿಡುತ್ತಾರೆ. "ಬಿಟ್ಟಿದ್ದೀನಿ" ಅಂದರೆ ಶುಗರ್ರಾ, ಬಿಪಿನಾ, ಯಾವ ಡಾಕ್ಟ್ರು ಅಂತ ಹತ್ತು ಪ್ರಶ್ನೆ. ನಮ್ಮನೆಯವರು ಈಗ ಅವರು ಕೇಳುವ ಮೊದಲೇ, "ಅಮ್ಮಾ, ಒಂದು ಲೋಟ ಮಜ್ಜಿಗೆ ಇದ್ರೆ ಕೊಡಿ" ಅನ್ನುತ್ತಾರೆ. ಬೇಡ ಅನ್ನುವವರ ಮೇಲೆ ಮುನಿಸು ಇರುತ್ತದೆ, ಕೇಳಿ ಕುಡಿಯುವವರ ಮೇಲೆ ಇರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಬಿಸಿ ಹಾಲು ಅನ್ನಿ.